ಫೈಲಿನಲ್ಲಿ ಮೂರು ಡೆಲಿವರಿ ಡೇಟ್ ಇದ್ದರೆ ಯಾವುದನ್ನು ನಂಬಬೇಕು?

ಒಬ್ಬ ಬಸುರಿಯ ಫೈಲಿನಲ್ಲಿ ಮೂರು ಡೆಲಿವರಿ ಡೇಟ್ ಇರುವುದು ಅಪರೂಪವೇನಲ್ಲ. ತಾಯಿ ಕಾರ್ಡಿನಲ್ಲಿ ಒಂದು, ಮೂರನೇ ತಿಂಗಳ ಸ್ಕ್ಯಾನಿಂಗ್ ರಿಪೋರ್ಟಿನಲ್ಲಿ ಇನ್ನೊಂದು, ಎಂಟನೇ ತಿಂಗಳ ರಿಪೋರ್ಟಿನಲ್ಲಿ ಮತ್ತೊಂದು. ಮನೆಯವರಿಗೆ ತಲೆಬಿಸಿ. ರಜೆ ಯಾವಾಗ ಹಾಕಬೇಕು, ತವರಿಗೆ ಯಾವಾಗ ಹೊರಡಬೇಕು? ಸುಮಾರು ಜನ ಕೊನೆಯ ರಿಪೋರ್ಟನ್ನೇ ನಂಬುತ್ತಾರೆ. ಹೊಸದು ತಾನೇ, ಅದೇ ಸರಿಯಿರಬೇಕು ಎಂದು. ಆದರೆ ವೈದ್ಯರು ನೋಡುವುದು ಉಲ್ಟಾ. ಸ್ಕ್ಯಾನ್‌ಗಳಲ್ಲಿ ಎಲ್ಲಕ್ಕಿಂತ ಹಳೆಯದಕ್ಕೇ ಅವರು ಜಾಸ್ತಿ ಬೆಲೆ ಕೊಡುತ್ತಾರೆ.

ಕಾರ್ಡಿನ ಡೇಟ್ ಬರುವುದು ಕೊನೆಯ ಮುಟ್ಟಿನ ಮೊದಲ ದಿನದಿಂದ. ಆ ದಿನಕ್ಕೆ 7 ದಿನ ಕೂಡಿಸಿ, ಮೂರು ತಿಂಗಳು ಹಿಂದಕ್ಕೆ ಹೋಗಬೇಕು. ಏಪ್ರಿಲ್ 10ಕ್ಕೆ ಮುಟ್ಟಾಗಿದ್ದರೆ ಮುಂದಿನ ಜನವರಿ 17. ಜರ್ಮನಿಯ ಹೈಡೆಲ್‌ಬರ್ಗ್‌ನಲ್ಲಿದ್ದ ಹೆರಿಗೆ ವೈದ್ಯ ಫ್ರಾಂಜ್ ನೇಗೆಲೆ 19ನೇ ಶತಮಾನದಲ್ಲಿ ಈ ಲೆಕ್ಕವನ್ನು ಜನಪ್ರಿಯ ಮಾಡಿದರು. ಇದರ ಹಿಂದಿರುವುದು 280 ದಿನ, ಅಂದರೆ 40 ವಾರ. ತಿಂಗಳಿಗೆ 30 ದಿನವೋ 31 ದಿನವೋ ಎನ್ನುವುದು ಈ ಲೆಕ್ಕಕ್ಕೆ ಬೇಕಿಲ್ಲ. ಹಾಗಾಗಿ ಅದು ಸ್ವಲ್ಪ ಆಚೀಚೆ ಆಗುತ್ತದೆ. ಏಪ್ರಿಲ್ 10ರಿಂದ ಬೆರಳು ಮಡಿಸಿ 280 ದಿನ ಎಣಿಸಿದರೆ ಸಿಗುವುದು ಜನವರಿ 15!

ಎರಡು ದಿನದ್ದು ದೊಡ್ಡ ವಿಷಯವಲ್ಲ ಬಿಡಿ. ನಿಜವಾದ ತೊಂದರೆ ಬೇರೆ. 28 ದಿನಕ್ಕೊಮ್ಮೆ ಮುಟ್ಟಾಗುತ್ತದೆ, 14ನೇ ದಿನ ಅಂಡಾಣು ಹೊರಬರುತ್ತದೆ ಎಂದು ಈ ಲೆಕ್ಕ ಅಂದುಕೊಂಡಿದೆ. ಹಾಗಾಗಿಯೇ 40 ವಾರಗಳ ಪೈಕಿ ಮೊದಲ ಎರಡು ವಾರ ಹೊಟ್ಟೆಯಲ್ಲಿ ಏನೂ ಇರುವುದಿಲ್ಲ. 35 ದಿನಕ್ಕೊಮ್ಮೆ ಮುಟ್ಟಾಗುವವರಿಗೆ ಅಂಡಾಣು ಸುಮಾರು ಒಂದು ವಾರ ತಡವಾಗಿ ಬರುತ್ತದೆ. ಅವರ ಡೇಟ್ ಕೂಡ ಅಷ್ಟೇ ಮುಂದಕ್ಕೆ ಹೋಗಬೇಕು. ಇನ್ನು ಮೊದಲ ಮಗುವಿಗೆ ಹಾಲೂಡಿಸುತ್ತಾ ಮುಟ್ಟು ಮರಳುವ ಮೊದಲೇ ಮತ್ತೆ ಬಸುರಾದವರು ಯಾವ ದಿನ ಹೇಳಬೇಕು? ತಾರೀಖು ನೆನಪಿಲ್ಲದೆ 'ಹಬ್ಬದ ಹಿಂದೆಮುಂದೆ ಇರಬೇಕು' ಎನ್ನುವವರೂ ಇದ್ದಾರೆ.

ಇಲ್ಲಿ ಸ್ಕ್ಯಾನಿಂಗ್ ನೆರವಿಗೆ ಬರುತ್ತದೆ. ಹೊಟ್ಟೆಯೊಳಗಿನ ಮಗುವನ್ನು ಶಬ್ದದ ಅಲೆಗಳಿಂದ ನೋಡಬಹುದು ಎಂದು ಗ್ಲಾಸ್ಗೋದ ಇಯಾನ್ ಡೊನಾಲ್ಡ್ ಮತ್ತು ಜೊತೆಗಾರರು 1958ರಲ್ಲಿ ಪ್ರಕಟಿಸಿದರು. ಅದೇ ಊರಿನಲ್ಲಿ ಹ್ಯೂ ರಾಬಿನ್ಸನ್ 1973ರಲ್ಲಿ ಒಂದು ಸರಳ ಅಳತೆಯನ್ನು ಮುಂದಿಟ್ಟರು. ಮಗುವಿನ ನೆತ್ತಿಯಿಂದ ಕುಂಡೆಯವರೆಗಿನ ಉದ್ದ. ಮೊದಲ ಮೂರು ತಿಂಗಳಲ್ಲಿ ಎಲ್ಲ ಮಕ್ಕಳೂ ಹೆಚ್ಚುಕಡಿಮೆ ಒಂದೇ ವೇಗದಲ್ಲಿ ಬೆಳೆಯುತ್ತವೆ. ಅಮ್ಮ ಎತ್ತರವೋ ಕುಳ್ಳೋ, ಊಟ ಹೇಗಿದೆ ಎನ್ನುವುದೆಲ್ಲ ಆಗ ಅಷ್ಟಾಗಿ ಕಾಣಿಸುವುದಿಲ್ಲ. 12ನೇ ವಾರಕ್ಕೆ ಆ ಉದ್ದ ಸುಮಾರು ಐದೂವರೆ ಸೆಂಟಿಮೀಟರ್. ಇದರಿಂದ ಹೇಳುವ ವಯಸ್ಸು ಐದರಿಂದ ಏಳು ದಿನ ಆಚೀಚೆ ಇರಬಹುದು, ಅಷ್ಟೇ. ಮುಟ್ಟಿನ ಲೆಕ್ಕಕ್ಕೂ ಇದಕ್ಕೂ ವ್ಯತ್ಯಾಸ ಅದಕ್ಕಿಂತ ಜಾಸ್ತಿ ಇದ್ದರೆ ಸ್ಕ್ಯಾನಿನ ಡೇಟನ್ನೇ ಇಟ್ಟುಕೊಳ್ಳುತ್ತಾರೆ. ಒಮ್ಮೆ ಇಟ್ಟುಕೊಂಡ ಮೇಲೆ ಬದಲಾಯಿಸುವುದಿಲ್ಲ.

ಆಮೇಲಿನ ಸ್ಕ್ಯಾನ್‌ಗಳಲ್ಲಿ ತಲೆ, ಹೊಟ್ಟೆಯ ಸುತ್ತಳತೆ, ತೊಡೆಮೂಳೆ ಅಳೆಯುತ್ತಾರೆ. ಈ ಅಳತೆ ಸರಾಸರಿ ಮಗುವಿಗೆ ಎಷ್ಟು ವಾರಕ್ಕೆ ಬರುತ್ತದೋ, ಅಷ್ಟು ವಾರ ಎಂದು ಮೆಷಿನ್ ಬರೆಯುತ್ತದೆ. ಅದರಿಂದಲೇ ಹೊಸ ಡೆಲಿವರಿ ಡೇಟನ್ನೂ ಹಾಕಿಬಿಡುತ್ತದೆ. ಎಲ್ಲ ಗೊಂದಲ ಹುಟ್ಟುವುದು ಈ ಸಾಲಿನಿಂದ. ಮೊದಲ ಸ್ಕ್ಯಾನ್ ಪ್ರಕಾರ 36 ವಾರ, ರಿಪೋರ್ಟಿನಲ್ಲಿ 33 ವಾರ ಎಂದಿಟ್ಟುಕೊಳ್ಳಿ. 'ಓ, ಇನ್ನೂ ಟೈಮಿದೆ' ಎಂದು ಮನೆಯವರು ನಿರಾಳವಾಗುತ್ತಾರೆ. ಆದರೆ ಆ 33 ಮಗುವಿನ ಗಾತ್ರ, ವಯಸ್ಸಲ್ಲ. ಆರನೇ ಕ್ಲಾಸಿನ ಹುಡುಗ ಕುಳ್ಳಗಿದ್ದಾನೆ ಅಂತ ಅವನನ್ನು ನಾಲ್ಕನೇ ಕ್ಲಾಸಿನವನು ಅನ್ನೋಕಾಗುತ್ತಾ? ಆ ಮಗು ಸುಮ್ನೆ ಸಣ್ಣ ಮೈಕಟ್ಟಿನದ್ದಿರಬಹುದು. ಮಾಸುವಿನಿಂದ ಸರಿಯಾಗಿ ರಕ್ತ ಸಿಗದೆ ಬೆಳವಣಿಗೆ ಕುಂಠಿತವಾಗಿರಲೂಬಹುದು. ಡೇಟನ್ನೇ ಮೂರು ವಾರ ಮುಂದಕ್ಕೆ ತಳ್ಳಿದರೆ ಈ ಎರಡನೆಯದು ಗೊತ್ತೇ ಆಗುವುದಿಲ್ಲ. ನನ್ನ ಪ್ರಕಾರ ಡೇಟಿನ ದೊಡ್ಡ ಉಪಯೋಗ ಇದೇ. ಹೆರಿಗೆ ಯಾವತ್ತು ಎಂದು ಹೇಳುವುದಕ್ಕಿಂತ, ಮಗು ವಯಸ್ಸಿಗೆ ತಕ್ಕಂತೆ ಬೆಳೆಯುತ್ತಿದೆಯೇ ಎಂದು ತಿಳಿಸುವುದು.

ಮೊದಲ ಸ್ಕ್ಯಾನ್ ಮಾಡಿಸದೆ ಆರು, ಏಳನೇ ತಿಂಗಳಲ್ಲಿ ಆಸ್ಪತ್ರೆಗೆ ಬರುವವರದ್ದೇ ಕಷ್ಟ. ಆಗ ಗಾತ್ರ ನೋಡಿಯೇ ವಯಸ್ಸು ಊಹಿಸಬೇಕು. ಕೊನೆಯ ಮೂರು ತಿಂಗಳಲ್ಲಿ ಈ ಊಹೆ ಮೂರು ವಾರದವರೆಗೂ ತಪ್ಪಬಹುದು. ಸಾಲದ್ದಕ್ಕೆ, ಬಹುಪಾಲು ಮೆಷಿನ್‌ಗಳಲ್ಲಿರುವ ಸೂತ್ರಗಳು ಅಮೆರಿಕ, ಯುರೋಪಿನ ಮಕ್ಕಳ ಅಳತೆಯಿಂದ ಬಂದವು. ಐಐಟಿ ಮದ್ರಾಸ್ ಮತ್ತು ಫರೀದಾಬಾದಿನ ಒಂದು ಸಂಶೋಧನಾ ಸಂಸ್ಥೆಯವರು ಗುರುಗ್ರಾಮದ ಸರ್ಕಾರಿ ಆಸ್ಪತ್ರೆಗೆ ಬಂದ ಬಸುರಿಯರ ಸ್ಕ್ಯಾನ್‌ಗಳಿಂದ 'ಗರ್ಭಿಣಿ-ಜಿಎ2' ಎಂಬ ನಮ್ಮದೇ ಸೂತ್ರ ಮಾಡಿ 2024ರಲ್ಲಿ ಪ್ರಕಟಿಸಿದರು. ಹಳೆಯ ಸೂತ್ರಕ್ಕಿಂತ ಇದರಲ್ಲಿ ತಪ್ಪು ತುಂಬಾ ಕಡಿಮೆ ಎಂದು ಅವರು ತೋರಿಸಿದ್ದಾರೆ. ಅಲ್ಲಿ ಅಳೆದದ್ದು ಉತ್ತರ ಭಾರತದವರನ್ನು. ನಮ್ಮ ಕಡೆಯವರಿಗೆ ಎಷ್ಟು ಹೊಂದುತ್ತದೆ ಎನ್ನುವುದನ್ನು ಬೇರೆಯಾಗಿ ನೋಡಬೇಕು.

ಮೆಷಿನ್ ಇಲ್ಲದೆಯೂ ಬೆಳವಣಿಗೆ ಗಮನಿಸಬಹುದು. ಗರ್ಭಕೋಶದ ಮೇಲ್ತುದಿ ಸುಮಾರು 20 ವಾರಕ್ಕೆ ಹೊಕ್ಕುಳ ಹತ್ತಿರ ಇರುತ್ತದೆ. 24 ವಾರ ಕಳೆದ ಮೇಲೆ ಕಿಬ್ಬೊಟ್ಟೆಯ ಕೆಳಗಿನ ಮೂಳೆಯಿಂದ ಆ ತುದಿಯವರೆಗೆ ಟೇಪಿನಲ್ಲಿ ಅಳೆದರೆ ಎಷ್ಟು ವಾರವೋ ಹೆಚ್ಚುಕಡಿಮೆ ಅಷ್ಟು ಸೆಂಟಿಮೀಟರ್. ಮೂರಕ್ಕಿಂತ ಜಾಸ್ತಿ ವ್ಯತ್ಯಾಸ ಕಂಡರೆ ಸ್ಕ್ಯಾನ್‌ಗೆ ಬರೆಯುತ್ತಾರೆ. ಚೊಚ್ಚಲ ಬಸುರಿಗೆ ಮಗು ಮಿಸುಕಾಡುವುದು ಸಾಮಾನ್ಯವಾಗಿ 18ರಿಂದ 20 ವಾರಕ್ಕೆ ಗೊತ್ತಾಗುತ್ತದೆ. ಎರಡನೇ ಸಲ ಸ್ವಲ್ಪ ಬೇಗ.

ಇಷ್ಟೆಲ್ಲ ಮಾಡಿ ಡೇಟ್ ಪಕ್ಕಾ ಮಾಡಿದರೂ ಸರಿಯಾಗಿ ಅದೇ ದಿನ ಹುಟ್ಟುವ ಮಕ್ಕಳು ನೂರಕ್ಕೆ ನಾಲ್ಕೈದು. ತಪ್ಪು ಲೆಕ್ಕದ್ದು ಮಾತ್ರವಲ್ಲ. ಅಮೆರಿಕದ ಸಂಶೋಧಕರು ದಿನದಿನದ ಮೂತ್ರದ ಹಾರ್ಮೋನ್ ನೋಡಿ 125 ಹೆಂಗಸರಲ್ಲಿ ಅಂಡಾಣು ಹೊರಬಂದ ದಿನವನ್ನೇ ಹಿಡಿದರು. 2013ರಲ್ಲಿ ಫಲಿತಾಂಶ ಬಂತು. ಅಂಡಾಣು ಬಂದ ದಿನದಿಂದ ಹೆರಿಗೆಗೆ ನಡುಮಟ್ಟದ ಲೆಕ್ಕದಲ್ಲಿ 268 ದಿನ. ದಿನ ತುಂಬದೆ ಹುಟ್ಟಿದವರನ್ನು ಬಿಟ್ಟ ಮೇಲೂ ಒಬ್ಬರಿಗೂ ಇನ್ನೊಬ್ಬರಿಗೂ 37 ದಿನದವರೆಗೆ ವ್ಯತ್ಯಾಸ ಇತ್ತು.

ಹಾಗಾಗಿ ಡೇಟ್ ದಾಟಿದ ಮರುದಿನವೇ ಗಾಬರಿಯಾಗಬೇಕಿಲ್ಲ. 39 ವಾರದಿಂದ 41 ವಾರದೊಳಗೆ ಹುಟ್ಟಿದರೆ ಪೂರ್ತಿ ದಿನ ತುಂಬಿದ ಮಗು ಎನ್ನುತ್ತಾರೆ. ಎಲ್ಲ ಸರಿಯಿದ್ದರೂ 41 ವಾರದ ಸುಮಾರಿಗೆ ನೋವು ಬರಿಸುವ ಮಾತು ಶುರುವಾಗುತ್ತದೆ. 42 ದಾಟಲು ಬಿಡುವುದು ಕಡಿಮೆ, ಯಾಕೆಂದರೆ ಆಮೇಲೆ ಮಾಸುವಿನ ಶಕ್ತಿ ಕುಂದಿ ಮಗುವಿಗೆ ಅಪಾಯ ಹೆಚ್ಚುತ್ತದೆ. ಬಿಪಿ, ಸಕ್ಕರೆ ಕಾಯಿಲೆ ಇದ್ದವರಿಗೆ ಇನ್ನೂ ಮೊದಲೇ. ಮಗುವಿನ ಮಿಸುಕಾಟ ಕಡಿಮೆಯಾದರೆ ಮಾತ್ರ ಕ್ಯಾಲೆಂಡರ್ ನೋಡುತ್ತಾ ಕೂರಬಾರದು. ಎಷ್ಟೇ ವಾರ ಆಗಿರಲಿ, ಅವತ್ತೇ ಆಸ್ಪತ್ರೆಗೆ ಹೋಗಬೇಕು.