ಸ್ನಾನ ಮಾಡಿ ಎರಡು ದಿನವಾದ ಮೇಲೆ ವೈದ್ಯಕೀಯ ಪರೀಕ್ಷೆಯಿಂದ ಪ್ರಯೋಜನವಿದೆಯೇ?

ಪ್ರಶ್ನೆ: ಅತ್ಯಾಚಾರಕ್ಕೊಳಗಾದ ಹೆಣ್ಣುಮಗಳು ಹೆದರಿ ಎರಡು ದಿನ ಯಾರಿಗೂ ಹೇಳದೆ, ಸ್ನಾನ ಮಾಡಿ, ಬಟ್ಟೆಯನ್ನೂ ಒಗೆದುಬಿಟ್ಟಿದ್ದರೆ ಇನ್ನು ಆಸ್ಪತ್ರೆಗೆ ಹೋಗಿ ಏನು ಪ್ರಯೋಜನ? ಮೈಮೇಲೆ ಗಾಯವೂ ಇಲ್ಲದಿದ್ದರೆ ಕೇಸು ಕೋರ್ಟಿನಲ್ಲಿ ನಿಲ್ಲುತ್ತದೆಯೇ?
(ಓದುಗರೊಬ್ಬರು, ಗೋಕಾಕ ತಾಲೂಕು)

ಉತ್ತರ: ಖಂಡಿತ ಪ್ರಯೋಜನವಿದೆ, ಮತ್ತು ಇವತ್ತೇ ಹೋಗಬೇಕು. ಕೇಂದ್ರ ಆರೋಗ್ಯ ಸಚಿವಾಲಯದ 2014ರ ಮಾರ್ಗಸೂಚಿಯಂತೆ ಘಟನೆಯಾಗಿ 96 ಗಂಟೆಗಳವರೆಗೆ, ಅಂದರೆ ನಾಲ್ಕು ದಿನ ತುಂಬುವವರೆಗೆ, ದೇಹದಿಂದ ಸ್ವಾಬ್ ಮಾದರಿಗಳನ್ನು (ಹತ್ತಿ ಸುತ್ತಿದ ಕಡ್ಡಿಯಿಂದ ಒರೆಸಿದ ಮಾದರಿಗಳನ್ನು) ತೆಗೆಯಬಹುದು. ಮೂರು ದಿನ ಕಳೆದರೆ ವೀರ್ಯಾಣು ಸಿಗುವ ಸಾಧ್ಯತೆ ಬಹಳ ಕಡಿಮೆಯಾಗುತ್ತದೆ ಎಂಬುದು ನಿಜ. ಆದರೆ ಮೈ ತೊಳೆದ ಮಾತ್ರಕ್ಕೆ ದೇಹದೊಳಗಿನ ಕುರುಹೆಲ್ಲ ಅಳಿಯುವುದಿಲ್ಲ, ಒಗೆದ ಬಟ್ಟೆಯ ನೂಲಿನಲ್ಲಿಯೂ ಕೆಲವೊಮ್ಮೆ ಡಿಎನ್‌ಎ ಉಳಿದಿರುತ್ತದೆ. ಆದ್ದರಿಂದ ಆ ದಿನ ತೊಟ್ಟಿದ್ದ ಬಟ್ಟೆಗಳನ್ನು ತಪ್ಪದೆ ಜೊತೆಗೆ ಒಯ್ಯಬೇಕು. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಬಾರದು, ಏಕೆಂದರೆ ಒಳಗಿನ ತೇವಕ್ಕೆ ಬೂಸಲು ಹಿಡಿದು ಮಾದರಿ ಕೆಡುತ್ತದೆ. ಒಂದೊಂದು ಬಟ್ಟೆಯನ್ನೂ ಬೇರೆ ಬೇರೆ ಕಾಗದದ ಚೀಲದಲ್ಲಿ ಇಡುವುದು ಸರಿಯಾದ ಕ್ರಮ.

ಪರೀಕ್ಷೆಯೆಂದರೆ ಸ್ವಾಬ್ ತೆಗೆಯುವುದಷ್ಟೇ ಎಂದು ಅನೇಕರು ತಿಳಿದಿದ್ದಾರೆ. ಅದಷ್ಟೇ ಅಲ್ಲ. ವೈದ್ಯರು ಮೊದಲು ನಡೆದದ್ದನ್ನು ಆಕೆಯ ಮಾತಿನಲ್ಲಿಯೇ ಕೇಳಿ ಬರೆದುಕೊಳ್ಳುತ್ತಾರೆ: ಘಟನೆ ಯಾವಾಗ ನಡೆಯಿತು, ಆರೋಪಿ ಬೆದರಿಕೆ ಹಾಕಿದ್ದನೇ, ಆಮೇಲೆ ಸ್ನಾನವಾಯಿತೇ, ಮೂತ್ರ ವಿಸರ್ಜನೆಯಾಯಿತೇ, ಬಟ್ಟೆ ಬದಲಾಯಿತೇ. ಈ ಸಣ್ಣ ಸಣ್ಣ ವಿವರಗಳನ್ನು ನಾಚಿಕೆಯಿಂದ ಮುಚ್ಚಿಡಬಾರದು. ಮುಂದೆ ಪ್ರಯೋಗಾಲಯದ ವರದಿಯಲ್ಲಿ ‘ವೀರ್ಯ ಪತ್ತೆಯಾಗಿಲ್ಲ’ ಎಂದು ಬಂದರೂ, ಎರಡು ದಿನ ಕಳೆದಿತ್ತು, ಸ್ನಾನವಾಗಿತ್ತು ಎಂಬುದು ದಾಖಲೆಯಲ್ಲಿದ್ದರೆ, ಅದು ಪತ್ತೆಯಾಗದ ಕಾರಣವನ್ನು ನ್ಯಾಯಾಲಯಕ್ಕೆ ಆ ಸಾಲೇ ವಿವರಿಸುತ್ತದೆ. ಆ ಸಾಲು ಬರೆಯದೇ ಹೋದರೆ, ಆಕೆಯ ಮಾತೇ ಸುಳ್ಳೆಂದು ವಾದಿಸಲು ಎದುರು ವಕೀಲರಿಗೆ ದಾರಿ ಸಿಗುತ್ತದೆ.

ಗಾಯದ ವಿಚಾರವೂ ಹೀಗೆಯೇ. ಚಾಕು ತೋರಿಸಿದಾಗ, ಅಮಲು ಬರಿಸಿದಾಗ, ಭಯದಿಂದ ಕೈಕಾಲು ಮರಗಟ್ಟಿದಾಗ ಗಾಯವಾಗದೇ ಇರಬಹುದು. ಆದ ತರಚು ಗಾಯವೂ ಕೆಲವೇ ದಿನಗಳಲ್ಲಿ ಮಾಯುತ್ತದೆ. ದೈಹಿಕವಾಗಿ ಪ್ರತಿರೋಧಿಸಲಿಲ್ಲ ಎಂಬ ಕಾರಣಕ್ಕೇ ಸಮ್ಮತಿಯಿತ್ತು ಎಂದು ಭಾವಿಸಬಾರದೆಂದು, ಅಪರಾಧ ಮತ್ತು ಶಿಕ್ಷೆಗಳ ಕಾನೂನಾದ ಭಾರತೀಯ ನ್ಯಾಯ ಸಂಹಿತೆಯ 63ನೆಯ ಕಲಂ ಸ್ಪಷ್ಟವಾಗಿ ಹೇಳುತ್ತದೆ. ಸಂತ್ರಸ್ತೆಯ ಸಾಕ್ಷ್ಯ ನಂಬಿಕೆಗೆ ಅರ್ಹವಾಗಿದ್ದರೆ ಅದೊಂದರ ಮೇಲೆಯೇ ಶಿಕ್ಷೆ ವಿಧಿಸಬಹುದೆಂದು ಸುಪ್ರೀಂ ಕೋರ್ಟ್ 1996ರಲ್ಲಿಯೇ ಹೇಳಿದೆ. ಅತ್ಯಾಚಾರ ನಡೆದಿದೆಯೇ ಇಲ್ಲವೇ ಎಂದು ತೀರ್ಮಾನಿಸುವುದು ನ್ಯಾಯಾಲಯದ ಕೆಲಸ. ವೈದ್ಯರು ಕಂಡದ್ದನ್ನು, ಕಾಣದೇ ಇದ್ದದ್ದಕ್ಕೆ ಇರಬಹುದಾದ ಕಾರಣವನ್ನು ಬರೆಯಬೇಕು. ಇನ್ನು ಯೋನಿಯೊಳಗೆ ಬೆರಳು ಹಾಕಿ ಆಕೆಗೆ ಮೊದಲೇ ಲೈಂಗಿಕ ಸಂಪರ್ಕವಿತ್ತೇ ಎಂದು ನೋಡುವ ‘ಎರಡು ಬೆರಳಿನ ಪರೀಕ್ಷೆ’ಗೆ ಯಾವ ವೈಜ್ಞಾನಿಕ ಆಧಾರವೂ ಇಲ್ಲ. ಅದನ್ನು ಮಾಡುವವರು ದುರ್ನಡತೆಯ ತಪ್ಪಿತಸ್ಥರಾಗುತ್ತಾರೆ ಎಂದು ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿದೆ. ಯಾರಾದರೂ ಮಾಡಲು ಬಂದರೆ ಬೇಡವೆನ್ನುವ ಹಕ್ಕು ಆಕೆಗಿದೆ. ಪರೀಕ್ಷೆಯ ಯಾವುದೇ ಭಾಗಕ್ಕೂ ಆಕೆಯ ಒಪ್ಪಿಗೆ ಬೇಕು, ಒಪ್ಪದಿದ್ದರೆ ಚಿಕಿತ್ಸೆ ನಿಲ್ಲಿಸುವಂತಿಲ್ಲ. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ ಪೋಕ್ಸೊ ಕಾಯ್ದೆಯಡಿ ಬಾಲಕಿಯನ್ನು ಮಹಿಳಾ ವೈದ್ಯರೇ, ತಂದೆತಾಯಿ ಅಥವಾ ಆಕೆ ನಂಬುವವರ ಎದುರಿನಲ್ಲಿ ಪರೀಕ್ಷಿಸಬೇಕು.

ಮೊದಲು ಠಾಣೆಗೋ ಆಸ್ಪತ್ರೆಗೋ ಎಂಬ ಗೊಂದಲವೂ ಬೇಡ. ಪೊಲೀಸರ ಪತ್ರವಿಲ್ಲದೆ ಪರೀಕ್ಷಿಸುವುದಿಲ್ಲ ಎನ್ನುವ ಸರ್ಕಾರಿ ವೈದ್ಯರ ಧೋರಣೆಯನ್ನು, ಕರ್ನಾಟಕದಿಂದಲೇ ಹೋದ ಪ್ರಕರಣವೊಂದರಲ್ಲಿ, ಸುಪ್ರೀಂ ಕೋರ್ಟ್ 2000ರಲ್ಲಿ ಖಂಡಿಸಿತು. ಇಂಥ ವಿಳಂಬದಲ್ಲಿಯೇ ಸಾಕ್ಷ್ಯ ತೊಳೆದುಹೋಗುತ್ತದೆ ಎಂಬುದು ಆ ಪೀಠದ ಕಾಳಜಿಯಾಗಿತ್ತು. ಸರ್ಕಾರಿಯಿರಲಿ, ಖಾಸಗಿಯಿರಲಿ, ಆಸ್ಪತ್ರೆ ಉಚಿತವಾಗಿ ತಕ್ಷಣ ಚಿಕಿತ್ಸೆ ನೀಡಿ ಪೊಲೀಸರಿಗೆ ತಿಳಿಸಬೇಕು. ಚಿಕಿತ್ಸೆ ನಿರಾಕರಿಸಿದರೆ ಒಂದು ವರ್ಷದವರೆಗೆ ಜೈಲು ಶಿಕ್ಷೆಯಾಗಬಹುದು. ನಮ್ಮ ಕಡೆ ಹಿರಿಯರನ್ನು ಕೂಡಿಸಿ ಮಾತಾಡೋಣ ಎನ್ನುವುದರಲ್ಲಿಯೇ ದಿನ ಕಳೆಯುವುದುಂಟು. ಆದರೆ ಔಷಧಿಯ ಸಮಯ ಅಷ್ಟು ಕಾಯುವುದಿಲ್ಲ. ಎಚ್‌ಐವಿ ತಡೆಯುವ ಔಷಧಿಯನ್ನು 72 ಗಂಟೆಗಳೊಳಗೆ ಆರಂಭಿಸಿ 28 ದಿನ ತೆಗೆದುಕೊಳ್ಳಬೇಕು, ತುರ್ತು ಗರ್ಭನಿರೋಧಕ ಮಾತ್ರೆಯೂ ಬೇಗ ನುಂಗಿದಷ್ಟೂ ಒಳ್ಳೆಯದು. ಹಿರಿಯರು ಆಸ್ಪತ್ರೆಯಿಂದ ಬಂದ ಮೇಲೆ ಕೂಡಬಹುದು.

ಮಾದರಿಗಳನ್ನು ನೆರಳಿನಲ್ಲಿ ಒಣಗಿಸಿ, ಚೀಟಿ ಅಂಟಿಸಿ, ಅರಗಿನ ಮೊಹರು ಹಾಕಿ ಪೊಲೀಸರ ಕೈಗೆ ಕೊಡಲಾಗುತ್ತದೆ. ಅಲ್ಲಿಂದ ಅವು ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ಹೋಗುತ್ತವೆ. ಬೆಳಗಾವಿಯಲ್ಲಿಯೇ ಒಂದು ಪ್ರಾದೇಶಿಕ ಪ್ರಯೋಗಾಲಯವಿದೆ. ಯಾರು ಯಾರಿಗೆ ಯಾವಾಗ ಕೊಟ್ಟರು ಎಂಬ ಸಹಿಯ ಸರಪಳಿ ಎಲ್ಲಿಯೂ ತುಂಡಾಗಬಾರದು. ವೈದ್ಯರ ವರದಿ ಏಳು ದಿನಗಳೊಳಗೆ ತನಿಖಾಧಿಕಾರಿಗೆ ತಲುಪಬೇಕೆಂದು, ತನಿಖೆ ಮತ್ತು ವಿಚಾರಣೆಯ ಕ್ರಮ ಹೇಳುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 184ನೆಯ ಕಲಂ ವಿಧಿಸುತ್ತದೆ. ಆ ವರದಿಯ ಒಂದು ಪ್ರತಿಯನ್ನು ಉಚಿತವಾಗಿ ಪಡೆಯುವುದು ಆಕೆಯ ಹಕ್ಕು. ಆಸ್ಪತ್ರೆಯಿಂದ ಹೊರಡುವ ಮುನ್ನ ಜೊತೆಯಲ್ಲಿ ಹೋದವರು ಅದನ್ನು ಕೇಳಿ ಪಡೆಯಲಿ. ವಾಹನಕ್ಕೆ, ಪೊಲೀಸ್ ನೆರವಿಗೆ 112, ಮಹಿಳಾ ಸಹಾಯವಾಣಿಗೆ 181.