ಸಿಟ್ಟಿನಿಂದ ಹುಟ್ಟಿದ ದೇವರು, ದೇವರಿಂದ ಬಂದ ವಾರ

ಇಂಗ್ಲಿಷಿನ ವೆನ್ಸ್‌ಡೇ, ಜರ್ಮನ್ನರ ಸಿಟ್ಟಿನ ಪದ 'ವೂಟ್', ಉತ್ತರ ಯುರೋಪಿನ ದೇವರು ಓಡಿನ್. ಈ ಮೂರೂ ಒಂದೇ ಬೇರಿನವು. ಆದರೆ ದೇವರಿಂದ ಪದ ಬಂತೋ, ಪದದಿಂದ ದೇವರೋ ಅನ್ನುವಲ್ಲಿ ಗೊಂದಲ ಜಾಸ್ತಿ. ಪದವೇ ಮೊದಲು.

ಆ ಮೂಲ ಪದ 'ವೋಡಜ್'. ಇದು ಬರಹದಲ್ಲಿ ಎಲ್ಲೂ ಸಿಕ್ಕಿಲ್ಲ. ಇಂಗ್ಲಿಷ್, ಜರ್ಮನ್ ಮುಂತಾದವು ಸೇರಿದ ಜರ್ಮಾನಿಕ್ ಕುಟುಂಬದ ಭಾಷೆಗಳನ್ನು ಹೋಲಿಸಿ ಪಂಡಿತರು ಕಟ್ಟಿಕೊಂಡ ರೂಪ. ಬರೀ ಕೋಪವಲ್ಲ, ಮೈಮೇಲೆ ಬಂದಂಥ ಆವೇಶ. ಲ್ಯಾಟಿನ್ನಿನಲ್ಲಿ ಇದರ ದಾಯಾದಿ 'ವಾಟೆಸ್' ಅಂದರೆ ಕಾಲಜ್ಞಾನಿ, ಕವಿ. 4ನೇ ಶತಮಾನದಲ್ಲಿ ವುಲ್ಫಿಲ ಎಂಬ ಬಿಷಪ್ ಬೈಬಲನ್ನು ಗಾಥಿಕ್ ಎಂಬ ಹಳೆಯ ಜರ್ಮಾನಿಕ್ ಭಾಷೆಗೆ ತಂದಾಗ ದೆವ್ವ ಹಿಡಿದವನನ್ನು 'ವೋಡ್ಸ್' ಎಂದು ಕರೆದ. ಕವಿಗೆ ಸಲ್ಲಬೇಕಿದ್ದ ಪದ ಆಗಲೇ ದೆವ್ವದ ಪಾಲಾಗಿತ್ತು, ಅಲ್ವಾ?

ಉತ್ತರದಲ್ಲಿ ಹಾಗಾಗಲಿಲ್ಲ. ಸ್ಕ್ಯಾಂಡಿನೇವಿಯಾದ ಹಳೆಯ ನಾರ್ಸ್ ಭಾಷೆಯ 'ಓದ್ರ್' ಆವೇಶವೂ ಹೌದು, ಮನಸ್ಸೂ ಹೌದು, ಕವಿತೆಯೂ ಹೌದು. ಅದರ ಒಡೆಯನೇ ಓಡಿನ್. ಅವನ ಇನ್ನೊಂದು ಹೆಸರು ವೋಡನ್. 11ನೇ ಶತಮಾನದ ಬ್ರೆಮೆನ್‌ನ ಆಡಮ್ ಎಂಬ ಪಾದ್ರಿ 'ವೋಡನ್, ಅಂದರೆ ಉಗ್ರಾವೇಶ' ಎಂದು ಬರೆದಿಟ್ಟ. ಓಡಿನ್‌ನ ಯೋಧರು ಕವಚವಿಲ್ಲದೆ ನುಗ್ಗುತ್ತಿದ್ದರು, ತೋಳಗಳಂತೆ ಹುಚ್ಚೆದ್ದು ಗುರಾಣಿಯನ್ನೇ ಕಚ್ಚುತ್ತಿದ್ದರು ಎನ್ನುತ್ತಾನೆ 13ನೇ ಶತಮಾನದ ಐಸ್‌ಲ್ಯಾಂಡಿನ ಲೇಖಕ ಸ್ನೋರಿ. ಸ್ಕಾಟ್ಲೆಂಡಿನ ಲೂಯಿಸ್ ದ್ವೀಪದಲ್ಲಿ ಸಿಕ್ಕ 12ನೇ ಶತಮಾನದ ಚದುರಂಗದ ಕಾಯಿಗಳಲ್ಲಿ ಅಂಥವರನ್ನು ನೋಡಬಹುದು. ನಾವು ಆನೆ ಇಡುವ ಜಾಗಕ್ಕೆ ವಾಲ್ರಸ್ ದಂತದ ಒಬ್ಬ ಸೈನಿಕ. ಕಣ್ಣರಳಿಸಿ, ಗುರಾಣಿಯ ಮೇಲಂಚಿಗೆ ಹಲ್ಲು ಊರಿದ್ದಾನೆ.

ವಾರದ ಕತೆ ಚಿಕ್ಕದು. ರೋಮನ್ನರ ಮರ್ಕ್ಯುರಿಯ ದಿನಕ್ಕೆ ಜರ್ಮಾನಿಕ್ ಜನ ವೋಡನ್‌ನನ್ನು ಕೂರಿಸಿದರು. ಮರ್ಕ್ಯುರಿ ನಮ್ಮ ಬುಧ ಗ್ರಹವೇ. ಹಾಗಾಗಿ ಬುಧವಾರವೂ ವೆನ್ಸ್‌ಡೇಯೂ ಒಂದೇ ದಿನಕ್ಕೆ ಬೀಳುತ್ತವೆ. ಆದರೆ ಜರ್ಮನ್ನಿನಲ್ಲಿ ಆ ದಿನ 'ಮಿಟ್‌ವೋಖ್', ಅಂದರೆ ವಾರದ ನಡು. ಹಳೆಯ ದೇವರು ಅಲ್ಲಿ ಸದ್ದಿಲ್ಲದೆ ಜಾಗ ಖಾಲಿ ಮಾಡಿದ.

ಇಂಗ್ಲಿಷಿನಲ್ಲಿ 'ವುಡ್' ಎಂದರೆ ಹುಚ್ಚು ಎಂಬ ಅರ್ಥ ಶೇಕ್ಸ್‌ಪಿಯರ್ ಕಾಲದವರೆಗೂ ಇತ್ತು. ಕಾಡಿನ 'ವುಡ್' ಜೊತೆ ಸೇರಿಸಿ ಆತ ಶ್ಲೇಷೆಯನ್ನೂ ಮಾಡಿದ್ದಾನೆ. ಆಮೇಲೆ ಕಾಡು ಉಳಿಯಿತು, ಹುಚ್ಚು ಹೋಯಿತು. ಸ್ಕಾಟ್ಸ್ ಭಾಷೆಯಲ್ಲಿ 'ವುಡ್' ಎಂದರೆ ಹುಚ್ಚು ಅನ್ನುವುದು ಉಳಿದಿದೆ.

ಜರ್ಮನ್ ಭಾಷೆ ಸಿಟ್ಟನ್ನಷ್ಟೇ ಇಟ್ಟುಕೊಂಡು ಕವಿತೆಯನ್ನು ಕೈಬಿಟ್ಟಿತು. ದೊಡ್ಡ ನಷ್ಟವೇ. ಅಲ್ಲಿ ಹುಚ್ಚುನಾಯಿ ರೋಗ 'ಟೋಲ್‌ವೂಟ್'. 2010ರಲ್ಲಿ ಅಲ್ಲಿನ ವರ್ಷದ ಪದವಾಗಿ ಆರಿಸಿದ್ದು 'ವೂಟ್‌ಬ್ಯೂರ್ಗರ್', ಅಂದರೆ ಸಿಟ್ಟಿಗೆದ್ದ ನಾಗರಿಕ. ಸ್ಟುಟ್‌ಗಾರ್ಟ್‌ನ ರೈಲು ನಿಲ್ದಾಣ ಯೋಜನೆಯ ವಿರುದ್ಧ ಬೀದಿಗಿಳಿದವರಿಗೆ ಆ ಹೆಸರು ಅಂಟಿಕೊಂಡಿತ್ತು.