ಸತ್ತಿದೆಯೋ, ಸುಮ್ಮನಾಗಿದೆಯೋ? ಡೇಟಾಬೇಸ್ ಕ್ಲಸ್ಟರ್‌ಗಳು ಬೆಳೆದು ಬಂದ ದಾರಿ

ಒಂದು ಸರ್ವರ್ ಕೆಟ್ಟರೆ ಕೆಲಸ ನಿಲ್ಲದಿರಲಿ ಎಂದು ಪಕ್ಕದಲ್ಲಿ ಇನ್ನೊಂದನ್ನು ಇಡುವುದು ಯಾರಿಗಾದರೂ ಹೊಳೆಯುವ ಉಪಾಯ. ಡೇಟಾಬೇಸ್‌ಗೆ ಅಷ್ಟು ಸಾಲದು. ಎರಡು ಸರ್ವರ್‌ಗಳು ಒಂದೇ ಖಾತೆಯ ಲೆಕ್ಕವನ್ನು ತಮ್ಮ ಪಾಡಿಗೆ ಬರೆಯತೊಡಗಿದರೆ, ಸೇವೆ ನಿಂತದ್ದಕ್ಕಿಂತ ಹೆಚ್ಚಿನ ನಷ್ಟ. ಹಾಗಾಗಿ ಎರಡನೆಯದು ಕೆಲಸಕ್ಕಿಳಿಯುವ ಮುನ್ನ ಒಂದು ಪ್ರಶ್ನೆಗೆ ಉತ್ತರ ಸಿಗಲೇಬೇಕು: ಮೊದಲನೆಯದು ಸತ್ತಿದೆಯೋ, ಇಲ್ಲ ಬರೀ ಮಾತು ನಿಲ್ಲಿಸಿದೆಯೋ? ಹೀಗೆ ಹಲವು ಸರ್ವರ್‌ಗಳು ಒಂದಾಗಿ ಕೆಲಸ ಮಾಡುವ ಕ್ಲಸ್ಟರ್‌ಗಳ ಐವತ್ತು ವರ್ಷದ ಇತಿಹಾಸ ಬಹುಪಾಲು ಈ ಪ್ರಶ್ನೆಯ ಸುತ್ತಲೇ ಸುತ್ತಿದೆ.

1974ರಲ್ಲಿ ಶುರುವಾದ ಟ್ಯಾಂಡೆಮ್ ಕಂಪನಿ, 1976ರಲ್ಲಿ ನಾನ್‌ಸ್ಟಾಪ್ ಕಂಪ್ಯೂಟರನ್ನು ಮಾರುಕಟ್ಟೆಗೆ ತಂದಿತು. ಪ್ರೊಸೆಸರ್, ಡಿಸ್ಕ್ ಕಂಟ್ರೋಲರ್, ಪವರ್ ಸಪ್ಲೈ ಎಲ್ಲವೂ ಅದರಲ್ಲಿ ಒಂದಕ್ಕಿಂತ ಹೆಚ್ಚು. ಪ್ರತಿ ಪ್ರೊಸೆಸರ್ ಸೆಕೆಂಡಿಗೊಮ್ಮೆ ‘ಬದುಕಿದ್ದೇನೆ’ ಎಂದು ಉಳಿದವಕ್ಕೆ ಸಂದೇಶ ಕಳಿಸಬೇಕು; ಎರಡು ಸೆಕೆಂಡಿಗೊಮ್ಮೆ ಉಳಿದವುಗಳಿಂದ ಸಂದೇಶ ಬಂದಿದೆಯೇ ಎಂದು ನೋಡಬೇಕು. ಇವತ್ತಿನ ಹಾರ್ಟ್‌ಬೀಟ್ ಇದೇ. ಅದೇ ಕಂಪನಿಯಲ್ಲಿದ್ದ ಜಿಮ್ ಗ್ರೇ 1985ರಲ್ಲಿ ಇಂಥ ವ್ಯವಸ್ಥೆಗಳು ಯಾಕೆ ನಿಲ್ಲುತ್ತವೆ ಎಂದು ಲೆಕ್ಕ ಹಾಕಿದರು. ಹಾರ್ಡ್‌ವೇರ್‌ನ ಪಾಲು 18%, ಸಾಫ್ಟ್‌ವೇರ್‌ನದು 25%. ನಿರ್ವಹಣೆಯಲ್ಲಿ ಮನುಷ್ಯರಿಂದಾದ ಎಡವಟ್ಟುಗಳದ್ದು 42%. ಯಂತ್ರವನ್ನು ಜೋಡಿ ಮಾಡಿದ ಮಾತ್ರಕ್ಕೆ ಕಾಟ ತಪ್ಪುವುದಿಲ್ಲ ಎಂಬುದು ಅಂದೇ ಗೊತ್ತಾಗಿತ್ತು.

1983ರಲ್ಲಿ ಡಿಜಿಟಲ್ ಇಕ್ವಿಪ್‌ಮೆಂಟ್ ಕಂಪನಿ ವ್ಯಾಕ್ಸ್‌ಕ್ಲಸ್ಟರ್ ಘೋಷಿಸಿತು. ಹಲವು ಕಂಪ್ಯೂಟರ್‌ಗಳು ಒಂದೇ ಡಿಸ್ಕ್ ಹಂಚಿಕೊಳ್ಳುವ ವ್ಯವಸ್ಥೆ ಅದು. ಡಿಸ್ಕಿನ ಯಾವ ಬ್ಲಾಕಿಗೆ (ತುಣುಕಿಗೆ) ಯಾರು ಬರೆಯಬಹುದು ಎಂಬುದನ್ನು ಎಲ್ಲ ನೋಡ್‌ಗಳಿಗೂ (ಕ್ಲಸ್ಟರ್‌ನ ಕಂಪ್ಯೂಟರ್‌ಗಳಿಗೂ) ಸೇರಿದ ಲಾಕ್ ಮ್ಯಾನೇಜರ್ ನಿರ್ಧರಿಸುತ್ತಿತ್ತು. ಕೋರಂ, ಅಂದರೆ ಕ್ಲಸ್ಟರ್ ಮುಂದುವರಿಯಲು ಬೇಕಾದ ಕನಿಷ್ಠ ಮತಗಳ ಲೆಕ್ಕ, ಇಲ್ಲಿ ಬಹಳ ಸ್ಪಷ್ಟವಾಗಿ ಕಾಣುತ್ತದೆ: ಒಟ್ಟು ಮತಗಳಿಗೆ 2 ಕೂಡಿಸಿ ಅರ್ಧ ಮಾಡಬೇಕು, ಭಿನ್ನರಾಶಿ ಬಿಡಬೇಕು. ಎರಡು ನೋಡ್, ಎರಡು ಮತ ಎಂದರೆ ಕೋರಂ 2. ಒಂದು ಬಿದ್ದರೆ ಉಳಿದದ್ದೂ ಸ್ತಬ್ಧ! ಡಿಸ್ಕ್ ಒಂದಕ್ಕೆ ಮೂರನೆಯ ಮತ ಕೊಟ್ಟರೆ ಕೋರಂ ಆಗಲೂ 2 ಆಗಿಯೇ ಉಳಿಯುತ್ತದೆ. ಹಾಗಾಗಿ ಉಳಿದ ನೋಡ್ ಡಿಸ್ಕಿನ ಮತ ಸೇರಿಸಿಕೊಂಡು ಮುಂದುವರಿಯುತ್ತದೆ. ಮೂರನೆಯ ಮತ ಬೇಕೇ ಬೇಕು ಎನ್ನುವುದಕ್ಕೆ ಇಷ್ಟೇ ಕಾರಣ. ಆ ಮತವನ್ನು ಎರಡರಲ್ಲಿ ಒಂದು ನೋಡ್ ಇರುವ ಕಟ್ಟಡದಲ್ಲೇ ಇಟ್ಟರೆ, ಆ ಕಟ್ಟಡದ ಕರೆಂಟ್ ಹೋದಾಗ ಎರಡು ಮತಗಳು ಒಟ್ಟಿಗೇ ಹೋಗುತ್ತವೆ. ಈ ತಪ್ಪು ಇಂದಿಗೂ ನಡೆಯುತ್ತಿದೆ.

ಐಬಿಎಂನ ಎಚ್‌ಎಸಿಎಂಪಿ ಕ್ಲಸ್ಟರ್ ತಂತ್ರಾಂಶ 1991ರಲ್ಲಿ, ಮೈಕ್ರೋಸಾಫ್ಟ್‌ನ ಎರಡು ನೋಡ್‌ಗಳ ಕ್ಲಸ್ಟರ್ ಸರ್ವರ್ 1997ರಲ್ಲಿ ಬಂದವು. ಇವುಗಳಲ್ಲಿ ಒಂದು ನೋಡ್ ದುಡಿದರೆ ಇನ್ನೊಂದು ಕಾಯುವುದು ಸಾಮಾನ್ಯ ಏರ್ಪಾಡು. ಹಂಚಿಕೊಂಡ ಡಿಸ್ಕ್‌ಗಳ ಪೆಟ್ಟಿಗೆಯೇ ಕೆಟ್ಟರೆ ಎರಡೂ ವ್ಯರ್ಥ. ಎಲ್ಲ ನೋಡ್‌ಗಳೂ ಒಟ್ಟಿಗೆ ಬರೆಯುವ ದಾರಿ ಹಿಡಿದದ್ದು ಒರಾಕಲ್. ಅದರ ಪ್ಯಾರಲಲ್ ಸರ್ವರ್‌ನಲ್ಲಿ ಒಂದು ನೋಡ್ ಬದಲಿಸಿದ ಬ್ಲಾಕ್ ಇನ್ನೊಂದಕ್ಕೆ ಬೇಕಾದರೆ ಮೊದಲು ಡಿಸ್ಕಿಗೆ ಬರೆದು, ಅಲ್ಲಿಂದ ಓದಬೇಕಿತ್ತು. ಅದರ ಜಾಗಕ್ಕೆ 2001ರಲ್ಲಿ ಬಂದ ಒರಾಕಲ್‌ನದೇ ಆರ್‌ಎಸಿ (ರಿಯಲ್ ಅಪ್ಲಿಕೇಶನ್ ಕ್ಲಸ್ಟರ್ಸ್), ಬ್ಲಾಕನ್ನು ನೆಟ್‌ವರ್ಕ್ ಮೂಲಕ ಮೆಮೊರಿಯಿಂದ ಮೆಮೊರಿಗೇ ಸಾಗಿಸತೊಡಗಿತು.

ಮಾತು ನಿಲ್ಲಿಸಿದ ನೋಡ್ ಸತ್ತಿದೆ ಎಂದು ದೂರದಿಂದ ಖಚಿತಪಡಿಸಿಕೊಳ್ಳುವ ದಾರಿಯೇ ಇಲ್ಲ. ಆದ್ದರಿಂದ ಫೆನ್ಸಿಂಗ್ ಎಂಬ ಕಟುವಾದ ಕ್ರಮ ಬಳಕೆಗೆ ಬಂತು: ಅನುಮಾನ ಬಂದ ನೋಡಿನ ಪವರ್ ಕಡಿಯುವುದು, ಇಲ್ಲವೇ ಡಿಸ್ಕಿಗೆ ಬರೆಯುವ ಹಕ್ಕು ಕಿತ್ತುಕೊಳ್ಳುವುದು. ಆಮೇಲಷ್ಟೇ ಇನ್ನೊಂದು ಮುಂದೆ ಬರಬೇಕು. ಪರೀಕ್ಷೆಗೆ ಅಡ್ಡಿಯಾಗುತ್ತದೆ ಎಂದು ಫೆನ್ಸಿಂಗ್ ಆಫ್ ಮಾಡಿ, ಮತ್ತೆ ಆನ್ ಮಾಡಲು ಮರೆತರೆ ಒಂದಲ್ಲ ಒಂದು ದಿನ ಸ್ಪ್ಲಿಟ್ ಬ್ರೈನ್, ಅಂದರೆ ಎರಡೂ ನೋಡ್‌ಗಳು ತಾವೇ ಯಜಮಾನ ಎಂದು ಬರೆಯತೊಡಗುವುದು, ಖಂಡಿತ.

ಡಿಸ್ಕ್ ಹಂಚಿಕೊಳ್ಳದೆ, ಬದಲಾವಣೆಗಳ ಲಾಗ್ ಕಳಿಸಿ ಇನ್ನೊಂದು ಸರ್ವರ್‌ನಲ್ಲಿ ಪೂರ್ತಿ ಪ್ರತಿ ಇಟ್ಟುಕೊಳ್ಳುವ ರೆಪ್ಲಿಕೇಶನ್ ಬಂದ ಮೇಲೆ ಖರ್ಚು ಇಳಿಯಿತು. ಪೋಸ್ಟ್‌ಗ್ರೆಸ್ ಡೇಟಾಬೇಸ್‌ಗೆ 2010ರಲ್ಲಿ ಸ್ಟ್ರೀಮಿಂಗ್ ರೆಪ್ಲಿಕೇಶನ್, ಮರುವರ್ಷ ಪ್ರತಿ ತಲುಪುವವರೆಗೆ ಕಾಯುವ ಸಿಂಕ್ರೊನಸ್ ಬಗೆ ಸೇರಿತು. ಮೈಕ್ರೋಸಾಫ್ಟ್‌ನ ಎಸ್‌ಕ್ಯೂಎಲ್ ಸರ್ವರ್‌ಗೆ 2012ರಲ್ಲಿ ಇಂಥದೇ ಅವೈಲಬಿಲಿಟಿ ಗ್ರೂಪ್ಸ್. ಹಾಗೆ ಕಾಯದ ಅಸಿಂಕ್ರೊನಸ್ ಆದರೆ ಪ್ರೈಮರಿ (ಬರಹ ಸ್ವೀಕರಿಸುವ ಮುಖ್ಯ ಸರ್ವರ್) ಬಿದ್ದಾಗ ಕೊನೆಯ ಕೆಲವು ವ್ಯವಹಾರಗಳು ಕಳೆದುಹೋಗಬಹುದು. ಸಿಂಕ್ರೊನಸ್ ಆಗಿ ಸ್ಟ್ಯಾಂಡ್‌ಬೈ (ಪ್ರತಿ ಇಟ್ಟುಕೊಂಡ ಸರ್ವರ್) ಒಂದೇ ಇದ್ದರೆ, ಪೋಸ್ಟ್‌ಗ್ರೆಸ್‌ನಲ್ಲಿ ಆ ಸ್ಟ್ಯಾಂಡ್‌ಬೈ ಬಿದ್ದ ಕೂಡಲೇ ಪ್ರೈಮರಿಯಲ್ಲಿ ಪ್ರತಿ ಕಮಿಟ್ (ವ್ಯವಹಾರವನ್ನು ಖಾಯಂ ಮಾಡುವ ಆದೇಶ) ಉತ್ತರಕ್ಕಾಗಿ ಕಾದು ಕೂರುತ್ತದೆ. ಎರಡು ಸ್ಟ್ಯಾಂಡ್‌ಬೈ ಇಟ್ಟು ‘ಯಾವುದಾದರೂ ಒಂದು ಒಪ್ಪಿದರೆ ಸಾಕು’ ಎನ್ನುವುದೇ ಸರಿ.

2018ರ ಅಕ್ಟೋಬರ್ 21ರಂದು, ತಂತ್ರಾಂಶದ ಕೋಡ್ ಇಡುವ ತಾಣವಾದ ಗಿಟ್‌ಹಬ್‌ನಲ್ಲಿ ನಡೆದದ್ದನ್ನು ಈ ಕೆಲಸದಲ್ಲಿರುವವರೆಲ್ಲ ಓದಬೇಕು. ಅಮೆರಿಕದ ಪೂರ್ವ ಕರಾವಳಿಯ ಡೇಟಾ ಸೆಂಟರ್‌ನ ಸಂಪರ್ಕ 43 ಸೆಕೆಂಡ್ ಕಡಿಯಿತು. ಕೆಟ್ಟ ಪ್ರೈಮರಿಯ ಜಾಗಕ್ಕೆ ಇನ್ನೊಂದನ್ನು ತರುವ ಫೇಲ್‌ಓವರ್ ತಂತ್ರಾಂಶ ಬಹುಮತ ನೋಡಿ ಮೈಎಸ್‌ಕ್ಯೂಎಲ್ ಪ್ರೈಮರಿಗಳನ್ನು ಪಶ್ಚಿಮ ಕರಾವಳಿಗೆ ಒಯ್ದಿತು. ಪೂರ್ವದ ಸರ್ವರ್‌ಗಳು ಸತ್ತಿರಲಿಲ್ಲ. ಪಶ್ಚಿಮಕ್ಕೆ ತಲುಪದ ಕೆಲವು ಸೆಕೆಂಡುಗಳ ಬರಹ ಅವುಗಳಲ್ಲಿತ್ತು. ಹೆಚ್ಚು ಓಡಾಟವಿದ್ದ ಒಂದು ಕ್ಲಸ್ಟರ್‌ನಲ್ಲೇ ಅಂಥವು 954. ಇತ್ತ ಪಶ್ಚಿಮದಲ್ಲಿ ಹೊಸ ಬರಹ ಸುಮಾರು 40 ನಿಮಿಷದಷ್ಟು ಸೇರಿತ್ತು. ಯಾವುದನ್ನೂ ಬಿಸಾಡುವಂತಿಲ್ಲ. ಸೇವೆ ಪೂರ್ತಿ ಸರಿಯಾಗಲು 24 ಗಂಟೆ 11 ನಿಮಿಷ ಹಿಡಿಯಿತು. ತಂತ್ರಾಂಶ ಹೇಳಿದಂತೆಯೇ ಕೇಳಿತ್ತು. ದೂರದ ಕರಾವಳಿಗೆ ತಾನೇ ನಿರ್ಧರಿಸಿ ದಾಟಬಾರದು ಎಂದು ಅದಕ್ಕೆ ಯಾರೂ ಹೇಳಿರಲಿಲ್ಲ.

ಮತ ಎಣಿಸುವ ಕೆಲಸವನ್ನು ಈಗ ಪ್ಯಾಕ್ಸೋಸ್, 2014ರ ರಾಫ್ಟ್‌ನಂಥ ಒಮ್ಮತದ ಅಲ್ಗಾರಿದಮ್‌ಗಳು ನೋಡಿಕೊಳ್ಳುತ್ತವೆ. ಪೋಸ್ಟ್‌ಗ್ರೆಸ್ ಜೊತೆ ಹೆಚ್ಚು ಬಳಕೆಯಲ್ಲಿರುವ ಫೇಲ್‌ಓವರ್ ತಂತ್ರಾಂಶ ಪ್ಯಾಟ್ರೋನಿ, ಪ್ರೈಮರಿಯ ಪಟ್ಟವನ್ನು 30 ಸೆಕೆಂಡಿನ ಗುತ್ತಿಗೆಯಾಗಿ ಇಟಿಸಿಡಿಯಲ್ಲಿ (ರಾಫ್ಟ್ ಬಳಸಿ ಹಲವು ಸರ್ವರ್‌ಗಳಲ್ಲಿ ಮಾಹಿತಿ ಇಡುವ ತಂತ್ರಾಂಶದಲ್ಲಿ) ಬರೆದಿಡುತ್ತದೆ. ಸಾಮಾನ್ಯವಾಗಿ 10 ಸೆಕೆಂಡಿಗೊಮ್ಮೆ ನವೀಕರಿಸುತ್ತದೆ. ನವೀಕರಿಸಲಾಗದ ಪ್ರೈಮರಿ ತಾನಾಗಿಯೇ ಪಟ್ಟ ಬಿಡಬೇಕು. ಇಲ್ಲೊಂದು ಸೂಕ್ಷ್ಮವಿದೆ. ಇಟಿಸಿಡಿ ಪ್ರತಿ ಬರಹವನ್ನೂ ಡಿಸ್ಕಿಗೆ ಮುಟ್ಟಿಸಿಯೇ ಮುಂದೆ ಹೋಗುತ್ತದೆ. ತಮ್ಮ ನಾಯಕನ ಸುದ್ದಿ ಬಾರದಿದ್ದರೆ ಅದರ ಸರ್ವರ್‌ಗಳು ಹೊಸ ಚುನಾವಣೆ ಶುರುಮಾಡುವ ಗಡುವು ಮೂಲತಃ 1 ಸೆಕೆಂಡ್. ಇಟಿಸಿಡಿಯನ್ನು ಡೇಟಾಬೇಸ್‌ನ ಡಿಸ್ಕಿನಲ್ಲೇ ಇಟ್ಟರೆ, ರಾತ್ರಿಯ ದೊಡ್ಡ ಲೆಕ್ಕಾಚಾರದ ಹೊತ್ತಿಗೆ ಆ ಗಡುವು ಮೀರಿ, ಚೆನ್ನಾಗಿಯೇ ಇದ್ದ ಪ್ರೈಮರಿ ಪಟ್ಟ ಕಳೆದುಕೊಳ್ಳಬಹುದು. ಇಟಿಸಿಡಿಗೆ ಪ್ರತ್ಯೇಕ ಡಿಸ್ಕ್ ಕೊಡಿ.

ಡೇಟಾಬೇಸ್ ಅರ್ಧ ನಿಮಿಷದಲ್ಲಿ ಎದ್ದರೂ ಅಪ್ಲಿಕೇಶನ್ ಏಳದಿರಬಹುದು. ಹಳೆಯ ಸರ್ವರ್‌ಗೆ ಕ್ವೆರಿ ಕಳಿಸಿ ಕೂತ ಕನೆಕ್ಷನ್‌ಗೆ ಆ ಕಡೆ ಯಾರೂ ಇಲ್ಲ ಎಂದು ತಿಳಿಯದು. ಲಿನಕ್ಸ್ ತನ್ನ ಮೂಲ ಸೆಟ್ಟಿಂಗ್‌ನಲ್ಲಿ, ಉತ್ತರ ಬಾರದ ಪ್ಯಾಕೆಟ್ಟನ್ನು ಸುಮಾರು 15 ನಿಮಿಷ ಮತ್ತೆ ಮತ್ತೆ ಕಳಿಸಿ ಆಮೇಲೆ ಕೈಬಿಡುತ್ತದೆ. ಸುಮ್ಮನೆ ಕೂತ ಕನೆಕ್ಷನ್‌ನ ಮೊದಲ ಕೀಪ್‌ಅಲೈವ್ (ಆ ಕಡೆ ಇನ್ನೂ ಯಾರಾದರೂ ಇದ್ದಾರೆಯೇ ಎಂಬ) ತಪಾಸಣೆಗಂತೂ 7200 ಸೆಕೆಂಡ್, ಅಂದರೆ ಎರಡು ಗಂಟೆ. ಅಪ್ಲಿಕೇಶನ್ ತೆರೆದಿಟ್ಟುಕೊಳ್ಳುವ ಕನೆಕ್ಷನ್‌ಗಳ ಗುಂಪಾದ ಕನೆಕ್ಷನ್ ಪೂಲ್‌ನಲ್ಲಿ ಇವನ್ನು ಹತ್ತಿಪ್ಪತ್ತು ಸೆಕೆಂಡಿಗೆ ಇಳಿಸಿ.

ಫೇಲ್‌ಓವರ್ ಪರೀಕ್ಷೆಯಲ್ಲಿ ಈ ದೋಷ ಸಾಮಾನ್ಯವಾಗಿ ಕಣ್ಣಿಗೆ ಬೀಳುವುದೇ ಇಲ್ಲ. ಸರ್ವಿಸನ್ನು ಸ್ಟಾಪ್ ಮಾಡಿದರೆ ಸರ್ವರ್ ಎಲ್ಲ ಕನೆಕ್ಷನ್‌ಗಳನ್ನೂ ಕ್ರಮವಾಗಿ ಮುಚ್ಚುತ್ತದೆ, ಅಪ್ಲಿಕೇಶನ್‌ಗೆ ಆ ಕ್ಷಣವೇ ಸುದ್ದಿ ಮುಟ್ಟುತ್ತದೆ, ಎಲ್ಲ ಸರಿಯಾಗಿದೆ ಎಂದು ವರದಿಯೂ ಬರುತ್ತದೆ. ಪರೀಕ್ಷಿಸಬೇಕಾದದ್ದು ಮೌನವನ್ನು. ಸರ್ವರ್ ಚಾಲೂ ಇರುವಾಗಲೇ ನೆಟ್‌ವರ್ಕ್ ಕೇಬಲ್ ಕಿತ್ತು, ಗಡಿಯಾರ ನೋಡುತ್ತ, ಅಪ್ಲಿಕೇಶನ್‌ನಿಂದ ಮೊದಲ ಯಶಸ್ವಿ ಬರಹ ಆಗುವವರೆಗೆ ಎಷ್ಟು ಹೊತ್ತಾಯಿತು ಎಂದು ಬರೆದಿಟ್ಟುಕೊಳ್ಳಿ. ಆಮೇಲೆ ಕೇಬಲ್ ಮತ್ತೆ ಚುಚ್ಚಿ, ಹಳೆಯ ಪ್ರೈಮರಿ ಏನು ಮಾಡುತ್ತದೆ ನೋಡಿ.